ಎರಡನೆಯ ದಾರಿ

ನಮ್ಮ ಸೀಮೆಯ ಹಳೆಯ ಮನೆಗಳಿಗೆ ತಲೆಬಾಗಿಲಿನ ಜೊತೆಗೆ ಹಿತ್ತಲ ಬಾಗಿಲೊಂದು ಇದ್ದೇ ಇರುತ್ತದೆ. ಹೊಲ ಮಾಡುವವರು ಗೋವಿನಜೋಳವೊಂದನ್ನೇ ನೆಚ್ಚಿ ಕೂಡ್ರದೆ ನಡುನಡುವೆ ತೊಗರಿಯ ಅಕ್ಕಡಿ ಸಾಲು ಹಿಡಿಯುತ್ತಾರೆ. ಮಳೆ ಕೈಕೊಟ್ಟರೆ ಎರಡರಲ್ಲೊಂದು ಬೆಳೆಯಾದರೂ ಮನೆ ಸೇರಲೆಂಬ ಎಣಿಕೆ. ಕೆರೆ ಕಟ್ಟಿಸಿದ ಹಿರಿಯರು ತೂಬನ್ನಿಟ್ಟು ಸುಮ್ಮನಾಗಲಿಲ್ಲ, ಕೋಡಿಯನ್ನೂ ಕಟ್ಟಿಸಿದರು. ಹೀಗೆ ಒಂದಕ್ಕೆ ಇನ್ನೊಂದನ್ನು ಆಸರೆಯಾಗಿ ಇಟ್ಟುಕೊಳ್ಳುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಆದರೆ ಕಾಲ ಬದಲಾದಂತೆ ನಾವು ಯಾವುದನ್ನು ನಂಬಿ ಬದುಕುತ್ತೇವೆಯೋ ಅದು ಕಣ್ಣಿಗೆ ಕಾಣದಂತಾಗಿದೆ. ಇಂದು ಅಂಗಡಿಯ ವ್ಯವಹಾರವೆಲ್ಲ ನೆಲದಡಿಯಲ್ಲಿ ಹೂತ, ಕೂದಲಿಗಿಂತ ದಪ್ಪವಲ್ಲದ ಗಾಜಿನ ಎಳೆಯೊಂದರ ಮೇಲೆ ನಿಂತಿದೆ. ಆ ಎಳೆಗೆ ಜೊತೆಯಾಗಿ ಎರಡನೆಯದೊಂದು ದಾರಿಯನ್ನು ನಾವು ಹೇಗೆ ಮಾಡಿಕೊಂಡೆವೆಂಬುದನ್ನು ವ್ಯಾಪಾರ, ಒಕ್ಕಲುತನಗಳನ್ನು ನಂಬಿದ ಸಮಾಜ ಬಾಂಧವರ ಮುಂದೆ ಇಡುವುದು ಈ ಬರಹದ ಉದ್ದೇಶ.

ನಮ್ಮದು ಬೀಜ, ಗೊಬ್ಬರ, ಕ್ರಿಮಿನಾಶಕಗಳ ವ್ಯಾಪಾರ. ತಂದೆಯವರು ಹಾನಗಲ್ಲಿನಲ್ಲಿ ಹಾಕಿದ ಒಂದು ಅಂಗಡಿ ಅಣ್ಣತಮ್ಮಂದಿರ ಕಾಲಕ್ಕೆ ಶಿಗ್ಗಾಂವ, ಸವಣೂರ, ಹಿರೇಕೆರೂರುಗಳಿಗೆ ಹಬ್ಬಿ ನಾಲ್ಕಾಯಿತು. ತಂದೆಯವರ ಕಾಲದಲ್ಲಿ ಹುಬ್ಬಳ್ಳಿಯ ಸಗಟು ವ್ಯಾಪಾರಿಗಳೊಡನೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯಬೇಕಾಗುತ್ತಿತ್ತು. ಲೈನ್ ಸಿಗದಿದ್ದರೆ ತಂತಿ. ತಂತಿಯೂ ತಡವಾದೀತೆಂದು ಕಂಡರೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಒಂದು ಚೀಟಿ. ಮೂರು ದಾರಿಗಳಿದ್ದವು, ಒಂದು ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು. 2013ರ ಜುಲೈ ತಿಂಗಳಲ್ಲಿ ತಂತಿ ಸೇವೆ ನಿಂತಿತು. ಚೀಟಿ ಕೊಡುವ ರೂಢಿಯೂ ತಾನಾಗಿ ಮರೆಯಾಯಿತು. ಅನುಕೂಲಗಳು ಹೆಚ್ಚುತ್ತಾ ಹೋದಂತೆ ದಾರಿಗಳು ಮಾತ್ರ ಕಡಿಮೆಯಾಗುತ್ತ ಬಂದು, ಎಲ್ಲವೂ ಅಂತರ್ಜಾಲವೆಂಬ ಒಂದೇ ಹಾದಿಗೆ ಬಂದು ಕೂಡಿದವು.

ಗೊಬ್ಬರದ ಅಂಗಡಿಗೆ ಅಂತರ್ಜಾಲವೇಕೆ ಎಂದು ಕೆಲವರು ಕೇಳಬಹುದು. 2018ರ ಮಾರ್ಚ್ ತಿಂಗಳ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಲ್ಲಿಯೂ ರಸಗೊಬ್ಬರದ ಚಿಲ್ಲರೆ ಮಾರಾಟ ಪಿ.ಓ.ಎಸ್. ಯಂತ್ರದ ಮೂಲಕವೇ ಆಗಬೇಕೆಂಬ ವ್ಯವಸ್ಥೆ ಜಾರಿಗೆ ಬಂದಿತು. ರೈತನು ಆಧಾರ್ ಸಂಖ್ಯೆ ಹೇಳಿ ಯಂತ್ರದ ಮೇಲೆ ಬೆರಳಿಡಬೇಕು. ಆ ಬೆರಳಿನ ಗುರುತು ದೂರದ ಸರ್ವರಿಗೆ ಹೋಗಿ ಒಪ್ಪಿಗೆ ಪಡೆದು ಮರಳಬೇಕು. ಆಮೇಲೆಯೇ 45 ಕಿಲೋ ಯೂರಿಯಾ ಚೀಲವು ಅವನ ಚಕ್ಕಡಿ ಅಥವಾ ಟ್ರ್ಯಾಕ್ಟರ್ ಏರಬೇಕು. ಗೊಬ್ಬರದ ಕಂಪನಿಗೆ ಸರಕಾರದ ಸಬ್ಸಿಡಿ ಸಲ್ಲುವುದು ಈ ಯಂತ್ರದಲ್ಲಿ ಮಾರಾಟ ದಾಖಲಾದ ನಂತರವೇ. ಆದ್ದರಿಂದ, 'ಇಂದು ಒಯ್ಯಿರಿ, ನಾಳೆ ಬಂದು ಬೆರಳಿಡಿರಿ' ಎನ್ನಲು ಅಂಗಡಿಯವರಿಗೆ ಅಧಿಕಾರವಿಲ್ಲ. ಇದರ ಮೇಲೆ 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಿತು. 2018ರ ಏಪ್ರಿಲ್ 1ರಿಂದ ಕರ್ನಾಟಕದೊಳಗಿನ ಸಾಗಣೆಗೂ ಇ-ವೇ ಬಿಲ್ ಬಂದಿತು. 50 ಸಾವಿರ ರೂಪಾಯಿಗೆ ಮೇಲ್ಪಟ್ಟ ಸರಕು ಹಾನಗಲ್ಲಿನಿಂದ ಸವಣೂರಿಗೆ ಹೊರಡಬೇಕಾದರೂ ಮೊದಲು ಗಣಕಯಂತ್ರದ ಮುಂದೆ ಕುಳಿತು ಬಿಲ್ ತೆಗೆಯಬೇಕು. ರೈತರ ಕೈಯಲ್ಲಿಯೂ ರೊಕ್ಕದ ಬದಲು ಫೋನು ಬಂದಿದೆ. ಹೀಗೆ ಸಂಪರ್ಕ ನಿಂತಿತೆಂದರೆ ಗೋದಾಮು ತುಂಬಿದ್ದರೂ ಅಂಗಡಿ ಬರಿದಾದಂತೆಯೇ.

ಗೊಬ್ಬರವು ಸಮಯಕ್ಕೆ ಸಿಗದಿದ್ದರೆ ಏನಾಗುತ್ತದೆಂಬುದನ್ನು ಹಾವೇರಿ ಜಿಲ್ಲೆಯವರಾದ ನಾವು ಮರೆಯುವಂತಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬಂದು ಸೇರಿದ್ದ ರೈತರ ಮೇಲೆ ಗೋಲಿಬಾರ್ ಆಗಿ ಪ್ರಾಣಹಾನಿಯಾಯಿತು. ಅಂದಿನ ಕಾರಣ ಸರಕಿನ ಕೊರತೆ, ತಂತ್ರಜ್ಞಾನದ ಕೊರತೆಯಲ್ಲ. ಆದರೂ ಮುಂಗಾರಿನ ದಿನಗಳಲ್ಲಿ ಅಂಗಡಿಯ ಮುಂದೆ ಸಾಲು ಬೆಳೆದಾಗ, ಹಿಂದಿನವರು ಮುಂದಿನವರನ್ನು ನೂಕತೊಡಗಿದಾಗ, ಈ ಜಿಲ್ಲೆಯ ಗೊಬ್ಬರದ ವ್ಯಾಪಾರಿಗಳ ಎದೆಯಲ್ಲಿ ಆ ನೆನಪು ಏಳದೆ ಇರದು. ರೈತನಿಗೆ ಬಿತ್ತಿಗೆಯ ಹದ ಎರಡು-ಮೂರು ದಿನದ ಮಾತು. ಹದ ತಪ್ಪಿದರೆ ಬೀಜವೂ ಹೋಯಿತು, ಬಾಡಿಗೆಯ ಟ್ರ್ಯಾಕ್ಟರಿನ ಪಾಳಿಯೂ ಹೋಯಿತು.

2022ರ ಮಿರಗದ ಮಳೆ ಬಿದ್ದ ಮೂರನೆಯ ದಿನ ಹಾನಗಲ್ಲಿನ ನಮ್ಮ ಅಂಗಡಿಯಲ್ಲಿ ಸಂಪರ್ಕ ನಿಂತಿತು. ಊರ ಹೊರಗೆ ರಸ್ತೆಯ ಕೆಲಸಕ್ಕೆ ಬಂದ ಜೆ.ಸಿ.ಬಿ. ಕೇಬಲ್ ಕಿತ್ತಿದೆಯೆಂದು ಆಮೇಲೆ ತಿಳಿಯಿತು. ಅಂಗಡಿಯ ಮುಂದೆ ಆಗಲೇ ನೂರಕ್ಕೂ ಮಿಕ್ಕಿ ಜನ. ನಮ್ಮ ಫೋನುಗಳಾದರೂ ನಡೆಯಬೇಕಿತ್ತು; ಅವೂ ನಿಂತಿದ್ದವು. ನಮ್ಮ ಅಂಗಡಿಗೆ ಬರುವ ಎಳೆಯೂ ಆ ಕಂಪನಿಯ ಟವರಿಗೆ ಹೋಗುವ ಎಳೆಯೂ ಒಂದೇ ಕೇಬಲಿನೊಳಗೆ ಇದ್ದವಂತೆ. ಬೇರೊಂದು ಕಂಪನಿಯ ಫೋನುಳ್ಳ ಹಮಾಲರೊಬ್ಬರು ಗೋದಾಮಿನ ಮಾಳಿಗೆಯ ಮೇಲೆ ಸ್ವಲ್ಪ ಸಿಗ್ನಲ್ ಬರುತ್ತಿದೆಯೆಂದರು. ಯಂತ್ರವನ್ನು ಮಾಳಿಗೆಗೆ ಒಯ್ದೆವು. ಆದರೆ ಯಂತ್ರವನ್ನು ಒಯ್ದರೆ ಆಯಿತೇ? ಬೆರಳೂ ಅಲ್ಲಿಗೇ ಬರಬೇಕಲ್ಲ! ಎಪ್ಪತ್ತು ದಾಟಿದ ರೈತರು ಜಿನುಗು ಮಳೆಯಲ್ಲಿ, ಜಾರುವ ಮೆಟ್ಟಿಲುಗಳನ್ನು ಗೋಡೆ ಹಿಡಿದು ಒಬ್ಬೊಬ್ಬರಾಗಿ ಏರಿ, ಕೊಡೆಯ ಕೆಳಗೆ ಹೆಬ್ಬೆರಳೊತ್ತಿ ಇಳಿದರು. ಮಣ್ಣಿನ ಕೆಲಸದಲ್ಲಿ ಸವೆದ ಬೆರಳುಗಳನ್ನು ಯಂತ್ರವು ಒಂದೇ ಸಲಕ್ಕೆ ಒಪ್ಪುವುದಿಲ್ಲ; ಎರಡು ಬಾರಿ, ಮೂರು ಬಾರಿ ಒತ್ತಿಸಬೇಕು. ಸಂಜೆಯ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಜನರಿಗಷ್ಟೇ ಗೊಬ್ಬರ ಕೊಡಲಾಯಿತು. ಉಳಿದವರಲ್ಲಿ ದೂರದ ಹಳ್ಳಿಯ ಹೆಣ್ಣುಮಗಳೊಬ್ಬಳು, 'ಸಾವಕಾರ್ರ, ಮಾಲು ಕಣ್ಣ ಮುಂದ ಐತಿ, ಕೊಡಾಕ ನಿಮಗ ಬರವಲ್ದು. ಇದೆಂಥ ಕಟ್ಟಳಿರೀ?' ಎಂದು ಕೇಳಿ, ಕೊನೆಯ ಬಸ್ಸು ಹಿಡಿಯಲು ಹೊರಟಳು. ಆ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ಸಂಪರ್ಕ ಮರಳಿದ್ದು ಮರುದಿನ ಮಧ್ಯಾಹ್ನ.

ಆ ವಾರವೇ ಅಣ್ಣತಮ್ಮಂದಿರೆಲ್ಲ ಕುಳಿತು ಮಾತನಾಡಿದೆವು. ಪ್ರತಿ ಅಂಗಡಿಗೂ ಇನ್ನೊಂದು ಕಂಪನಿಯ ಸಂಪರ್ಕ ತೆಗೆದುಕೊಂಡರೆ ಕೆಲಸ ಮುಗಿಯಿತೆಂದು ಎಲ್ಲರ ಅಭಿಪ್ರಾಯವಾಗಿತ್ತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಬಂದ ಅಣ್ಣನವರ ಮಗನು ಮಾತ್ರ ತಲೆಯಾಡಿಸಲಿಲ್ಲ.

'ಕಾಕಾ, ಎರಡು ಕಂಪನಿ ಅಂದ್ರ ಎರಡು ದಾರಿ ಅಂತ ಅಲ್ರಿ. ಎರಡರ ವಾಯರೂ ಒಂದ ಕಂಬದ ಮ್ಯಾಲೆ, ಒಂದ ತಗ್ಗಿನ್ಯಾಗ ಬಂದಿದ್ರ ಅದು ಒಂದ ದಾರಿ. ಬಿಲ್ ಅಷ್ಟ ಎರಡು.'

ಅವನು ಮುಂದಿನ ಹದಿನೈದು ದಿನ ಮೋಟಾರ್ ಸೈಕಲ್ ಏರಿ ನಾಲ್ಕೂ ಊರು ಸುತ್ತಿದನು. ಪ್ರತಿ ಊರಿನಲ್ಲಿಯೂ ಕೇಬಲ್ ಎಳೆಯುವ ಹುಡುಗರೊಂದಿಗೆ ಚಹಾ ಕುಡಿದು ನಾಲ್ಕು ಪ್ರಶ್ನೆಗಳನ್ನು ಕೇಳಿದನು. ಈ ಎಳೆ ಯಾವ ರಸ್ತೆಯಗುಂಟ ಬರುತ್ತದೆ? ಎಲ್ಲಿ ದೊಡ್ಡ ಎಳೆಯನ್ನು ಕೂಡುತ್ತದೆ? ಕರೆಂಟು ಹೋದರೆ ನಡುವಿನ ಪೆಟ್ಟಿಗೆಗಳು ಎಷ್ಟು ಹೊತ್ತು ಜೀವ ಹಿಡಿಯುತ್ತವೆ? ಕಡಿದುದು ಮೊದಲು ಯಾರಿಗೆ ಗೊತ್ತಾಗುತ್ತದೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿದರೆ ಅರ್ಧ ಕೆಲಸವಾದಂತೆ ಎಂಬುದು ನಮಗೂ ಕ್ರಮೇಣ ಮನದಟ್ಟಾಯಿತು.

ಈ ತತ್ತ್ವ ನಮ್ಮ ನಾಲ್ಕು ಅಂಗಡಿಗಳಿಗಷ್ಟೇ ಸೀಮಿತವಲ್ಲ. 2008ರ ಜನವರಿ 30ರಂದು ಈಜಿಪ್ತದ ಅಲೆಗ್ಸಾಂಡ್ರಿಯಾದ ಬಳಿ ಸಮುದ್ರದ ತಳದಲ್ಲಿದ್ದ ಎರಡು ದೊಡ್ಡ ಕೇಬಲುಗಳು ತುಂಡಾದವು. ಅವು ಬೇರೆ ಬೇರೆ ಸಂಸ್ಥೆಗಳವು, ಆದರೆ ಹಾದುಹೋಗುತ್ತಿದ್ದುದು ಒಂದೇ ಕಡಲ ಹಾದಿಯಲ್ಲಿ. ಭಾರತದಿಂದ ಪಶ್ಚಿಮಕ್ಕೆ ಹೋಗುವ ಅಂತರ್ಜಾಲದ ಸಾಮರ್ಥ್ಯ ಅರ್ಧದಷ್ಟು ಕುಸಿಯಿತು. ಅಂದು ಕೈಹಿಡಿದದ್ದು ಪೂರ್ವದ ದಾರಿ. ಶಾಂತಸಾಗರದ ಮೇಲಿನಿಂದ ಸುತ್ತು ಹಾಕಿ ಅಮೇರಿಕಾ ಮುಟ್ಟುವ ಕೇಬಲುಗಳು. ಇನ್ನೊಂದು ಉದಾಹರಣೆ. 2022ರ ಜುಲೈ 8ರಂದು ಕೆನಡಾ ದೇಶದ ದೊಡ್ಡ ದೂರಸಂಪರ್ಕ ಸಂಸ್ಥೆಯಾದ ರೋಜರ್ಸ್‌ನ ಜಾಲವು ಒಳಗಿನ ಒಂದು ಬದಲಾವಣೆಯ ಕೆಲಸದಲ್ಲಿ ಎಡವಟ್ಟಾಗಿ ಇಡೀ ದಿನ ನಿಂತುಹೋಯಿತು. ಅಲ್ಲಿನ ಅಂಗಡಿಗಳಲ್ಲಿ ಕಾರ್ಡಿನಿಂದ ಹಣ ಕೊಡುವ ಇಂಟರಾಕ್ ವ್ಯವಸ್ಥೆಯೂ ಅದೇ ಜಾಲವನ್ನು ಅವಲಂಬಿಸಿದ್ದರಿಂದ ದೇಶದ ತುಂಬ ವ್ಯವಹಾರಕ್ಕೆ ಧಕ್ಕೆಯಾಯಿತು. ಸಿರಿವಂತ ದೇಶಗಳಿಗೂ ಹಿತ್ತಲ ಬಾಗಿಲು ಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಅಂತರ್ಜಾಲದ ಹುಟ್ಟಿನಲ್ಲಿಯೇ ಈ ವಿಚಾರವಿತ್ತೆಂದು ಹುಡುಗನು ನಮಗೆ ತಿಳಿಸಿದನು. ಪಾಲ್ ಬ್ಯಾರನ್ ಎಂಬ ಅಮೇರಿಕದ ಇಂಜಿನಿಯರರು ಯುದ್ಧದಲ್ಲಿಯೂ ಉಳಿಯಬಲ್ಲ ಸಂಪರ್ಕಜಾಲ ಹೇಗಿರಬೇಕೆಂದು 1960ರ ದಶಕದ ಮೊದಲ ವರ್ಷಗಳಲ್ಲಿ ಅಭ್ಯಾಸ ಮಾಡಿ 1964ರಲ್ಲಿ ತಮ್ಮ ವರದಿಗಳನ್ನು ಪ್ರಕಟಿಸಿದರು. ಎಲ್ಲ ತಂತಿಗಳೂ ಒಂದೇ ಕೇಂದ್ರಕ್ಕೆ ಬಂದು ಸೇರಬಾರದು. ಪ್ರತಿ ಗಂಟಿನಿಂದ ಮೂರು-ನಾಲ್ಕು ಕೊಂಡಿಗಳಿದ್ದರೆ ಹಲವು ಗಂಟುಗಳು ನಾಶವಾದರೂ ಉಳಿದವು ಒಂದನ್ನೊಂದು ಮುಟ್ಟಬಲ್ಲವು ಎಂಬುದು ಅವರ ಲೆಕ್ಕದ ಸಾರ. ಬಲೆಯ ಒಂದು ಕಣ್ಣು ಹರಿದರೆ ಬಲೆ ಹರಿಯದು; ಹಗ್ಗದ ಒಂದೆಡೆ ಕಡಿದರೆ ಹಗ್ಗವೇ ಇಲ್ಲ. ಜಗತ್ತಿನ ಜಾಲವೆಲ್ಲ ಬಲೆಯಂತೆ ಹೆಣೆದಿದ್ದರೂ ಆ ಬಲೆಯಿಂದ ನಮ್ಮ ಅಂಗಡಿಯ ಬಾಗಿಲಿಗೆ ಬರುವುದು ಮಾತ್ರ ಒಂಟಿ ಹಗ್ಗ. ಕಡಿಯುವುದು ಅಲ್ಲಿಯೇ.

ಇನ್ನು ನಾಲ್ಕು ಊರುಗಳ ಮಾತು. ನಾಲ್ಕಕ್ಕೂ ಒಂದೇ ಮದ್ದು ನಡೆಯಲಿಲ್ಲ.

ಶಿಗ್ಗಾಂವ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಬೆಂಗಳೂರು-ಪುಣೆಯ ದೊಡ್ಡ ಎಳೆಗಳೆಲ್ಲ ಅದರ ಮಗ್ಗುಲಿಗೇ ಹಾಯ್ದಿರುವುದರಿಂದ ಅಲ್ಲಿ ಸಂಪರ್ಕಕ್ಕೆ ಬರವಿಲ್ಲ. ಆದರೆ ಎಲ್ಲವೂ ಆ ಹೆದ್ದಾರಿಯ ಅಂಚಿನಲ್ಲಿಯೇ ಹೂತಿವೆ. ರಸ್ತೆ ಅಗಲೀಕರಣದ ಕೆಲಸ ನಡೆದಾಗಲೆಲ್ಲ ಒಟ್ಟಿಗೇ ಅಪಾಯಕ್ಕೆ ಸಿಕ್ಕುತ್ತವೆ. ಆ ಊರಿನ ವ್ಯಾಪಾರಸ್ಥರೊಬ್ಬರು ಮೂರು ಕಂಪನಿಗಳ ಸಂಪರ್ಕವಿಟ್ಟುಕೊಂಡಿದ್ದರೂ ಒಂದೇ ದಿನ ಮೂರೂ ಹೋದದ್ದನ್ನು ಹೇಳಿ ನಕ್ಕರು. ಅಲ್ಲಿ ನಾವು ಒಂದನ್ನು ಹೆದ್ದಾರಿಯ ಎಳೆಯಾಗಿಯೂ ಇನ್ನೊಂದನ್ನು ಊರೊಳಗಿನಿಂದ ಕಂಬಗಳ ಮೇಲೆ ಬೇರೆ ದಿಕ್ಕಿನಿಂದ ಬರುವ ಎಳೆಯಾಗಿಯೂ ಆರಿಸಿಕೊಂಡೆವು. ಎರಡನೆಯದರ ವೇಗ ಕಡಿಮೆ. ಆದರೆ ಬೆರಳಿನ ಗುರುತು ಕಳುಹಿಸಲು ವೇಗ ಬೇಕಿಲ್ಲ, ಇರುವಿಕೆ ಬೇಕು.

ಸವಣೂರ ಹೆದ್ದಾರಿಯಿಂದ ಪೂರ್ವಕ್ಕೆ ಸರಿದ ಊರು. ನವಾಬರ ಕಾಲದ ಪೇಟೆ, ಇಕ್ಕಟ್ಟಾದ ಓಣಿಗಳು. ಅಲ್ಲಿ ಎರಡನೆಯ ಎಳೆ ತರಲು ಅದೇ ಓಣಿಯ ಅದೇ ಕಂಬಗಳನ್ನೇ ಹಿಡಿಯಬೇಕಾಗಿತ್ತು. ಆದ್ದರಿಂದ ಗೋದಾಮಿನ ಮೇಲೆ ಪುಟ್ಟ ಡಿಶ್ ಕೂಡ್ರಿಸಿ, ಊರ ಹೊರಗಿನ ಗೋಪುರದಿಂದ ಗಾಳಿಯಲ್ಲಿಯೇ ಸಂಪರ್ಕ ಪಡೆದೆವು. ಬೇಸಿಗೆಯಲ್ಲಿ ಹಚ್ಚಿದಾಗ ಸೊಗಸಾಗಿ ನಡೆಯಿತು. ಮಳೆಗಾಲದಲ್ಲಿ ನಡುವಿನ ಬೇವಿನ ಮರ ಎಲೆ ತುಂಬಿಕೊಂಡು ತೊಯ್ದು ನಿಂತಾಗ ಸಿಗ್ನಲ್ ಸೊರಗಿತು. ಹಸಿ ಎಲೆಯೊಳಗಿನ ನೀರು ಈ ಅಲೆಗಳನ್ನು ಹೀರಿಬಿಡುತ್ತದೆಯಂತೆ. ಮರ ಕಡಿಯುವ ಮಾತನ್ನು ಯಾರೂ ಎತ್ತಲಿಲ್ಲ. ಕಬ್ಬಿಣದ ಕೊಳವೆಯೊಂದನ್ನು ನಿಲ್ಲಿಸಿ ಡಿಶ್ಶನ್ನು ಮರದ ತಲೆಗಿಂತ ಮೇಲಕ್ಕೇರಿಸಿದೆವು.

ಹಾನಗಲ್ಲ ಮಲೆನಾಡಿನ ಸೆರಗು. ಮಳೆ ಹೆಚ್ಚು, ಸಿಡಿಲೂ ಹೆಚ್ಚು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಾದರೂ ಅದರ ತುದಿಯಲ್ಲಿರುವ ಪೆಟ್ಟಿಗೆಗೆ ಕರೆಂಟಿನ ತಂತಿಯ ಮೂಲಕ ಸಿಡಿಲಿನ ಹೊಡೆತ ತಾಗುತ್ತದೆ. ಕಟ್ಟಡದ ಅರ್ಥಿಂಗ್ ಸರಿಪಡಿಸಿ, ಉಲ್ಬಣವನ್ನು ತಡೆಯುವ ಸಾಧನವಿಟ್ಟು, ಎರಡೂ ಸಂಪರ್ಕಗಳ ಪೆಟ್ಟಿಗೆಗಳನ್ನು ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ಬ್ಯಾಟರಿಗಳ ಮೇಲೆ ಇಟ್ಟೆವು. 2019ರ ಅಗಸ್ಟ್ ತಿಂಗಳಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿದಾಗ ಕರೆಂಟಿಲ್ಲದೆ ಕಳೆದ ದಿನಗಳು ನಮಗೆ ನೆನಪಿದ್ದವು. ದಾರಿ ಎರಡಿದ್ದು ದೀಪ ಒಂದೇ ಆದರೆ ಕತ್ತಲೆ ತಪ್ಪದು. ಪೆಟ್ಟಿಗೆಗಳಿಗೆ ಬೇಕಾಗುವ ವಿದ್ಯುತ್ತು ಒಂದು ಸಣ್ಣ ಬಲ್ಬಿಗಿಂತ ಹೆಚ್ಚಲ್ಲ. ಅದಕ್ಕಾಗಿಯೇ ಮೀಸಲಾದ ಚಿಕ್ಕ ಬ್ಯಾಟರಿ ಹಲವು ತಾಸು ನಡೆಸುತ್ತದೆ. ಗಣಕಯಂತ್ರ, ಫ್ಯಾನುಗಳ ಜೊತೆಗೆ ಅದನ್ನು ಕೂಡಿಸಬಾರದು.

ಹಿರೇಕೆರೂರಿನಲ್ಲಿ ನಮ್ಮ ಅಂಗಡಿಯಿರುವ ಭಾಗಕ್ಕೆ ಎರಡನೆಯ ಎಳೆ ಸಿಗಲೇ ಇಲ್ಲ. ಅಲ್ಲಿ ಮೊಬೈಲ್ ಟವರುಗಳೇ ಗತಿ. ಎರಡು ಬೇರೆ ಕಂಪನಿಗಳ ಸಿಮ್ ಹಿಡಿಯುವ ರೂಟರೊಂದನ್ನು ತಂದು, ದಪ್ಪ ಗೋಡೆಯ ಹೊರಗೆ ಅಂಟೆನಾ ಕಟ್ಟಿದೆವು. ಮೊಬೈಲ್ ಸಂಪರ್ಕಕ್ಕೆ ಸಾಮಾನ್ಯವಾಗಿ ತನ್ನದೇ ಆದ ವಿಳಾಸವಿರುವುದಿಲ್ಲ. ಅಸಂಖ್ಯ ಗಿರಾಕಿಗಳು ಒಂದೇ ವಿಳಾಸದ ಹಿಂದೆ ಇರುತ್ತಾರೆ. ಹೊರಗಿನಿಂದ ಹೆಸರು ಹಿಡಿದು ಕೂಗಿದರೆ ಒಳಗಿರುವವರಿಗೆ ಕೇಳಿಸದು. ಒಳಗಿನಿಂದ ಕೂಗಿದರೆ ಮಾತ್ರ ಹೊರಗಿನವರು ಓಗೊಡಬಲ್ಲರು. ಆದ್ದರಿಂದ ಹಾನಗಲ್ಲಿನ ಎರಡೂ ಸಂಪರ್ಕಗಳಿಗೆ ಸ್ಥಿರ ವಿಳಾಸ ತೆಗೆದುಕೊಂಡು, ಉಳಿದ ಮೂರೂ ಅಂಗಡಿಗಳು ತಾವಾಗಿಯೇ ಹಾನಗಲ್ಲನ್ನು ಕರೆಯುವಂತೆ ಮಾಡಿದೆವು. ಒಂದು ವಿಳಾಸ ಓಗೊಡದಿದ್ದರೆ ಅವು ಎರಡನೆಯದನ್ನು ಕರೆಯುತ್ತವೆ.

ಈ ಎರಡು ದಾರಿಗಳ ನಡುವೆ ನಿಂತು ಕಾವಲು ಕಾಯುವುದು ರೂಟರೆಂಬ ಪೆಟ್ಟಿಗೆ. ಅದು ಕೆಲವು ಸೆಕೆಂಡಿಗೊಮ್ಮೆ ದೂರದ ಎರಡು-ಮೂರು ವಿಳಾಸಗಳಿಗೆ 'ಇದ್ದೀರಾ?' ಎಂದು ಕೂಗು ಹಾಕುತ್ತದೆ. ಕೂಗು ದೂರಕ್ಕೇ ಹೋಗಬೇಕು. ಹತ್ತಿರದ ಪೆಟ್ಟಿಗೆಯನ್ನು ಕೇಳಿದರೆ ಅದು 'ಇದ್ದೇನೆ' ಎನ್ನುತ್ತದೆ, ಅದರಾಚೆ ಎಳೆ ಕಡಿದದ್ದು ಅದಕ್ಕೇನು ಗೊತ್ತು? ಒಂದು ಸಲ ಉತ್ತರ ಬಾರದಿದ್ದರೆ ಗಾಬರಿಯಾಗಬಾರದು; ಮೂರು-ನಾಲ್ಕು ಸಲ ಬಾರದಿದ್ದರೆ ದಾರಿ ಬದಲಿಸಬೇಕು. ಮೊದಲ ದಾರಿ ಮರಳಿ ಬಂದಾಗಲೂ ಕೂಡಲೇ ಓಡಬಾರದು. ಹತ್ತು ನಿಮಿಷ ನೆಟ್ಟಗೆ ನಿಂತಿತೆಂದು ಖಚಿತವಾದ ಮೇಲೆಯೇ ಮರಳಬೇಕು. ಇಲ್ಲದಿದ್ದರೆ ಸಂಪರ್ಕವು ನಿಮಿಷಕ್ಕೊಮ್ಮೆ ಅತ್ತಿಂದಿತ್ತ ಹೊಯ್ದಾಡಿ ಯಾವ ಕೆಲಸವೂ ಪೂರೈಸದು. ದಾರಿ ಬದಲಾಗುವ ಗಳಿಗೆಯಲ್ಲಿ ನಡೆಯುತ್ತಿದ್ದ ಒಂದು ವ್ಯವಹಾರ ಹರಿಯಬಹುದು. ಬೆರಳನ್ನು ಇನ್ನೊಮ್ಮೆ ಇಡಬೇಕಾಗಬಹುದು. ಅದಕ್ಕಿಂತ ಹೆಚ್ಚಿನ ತೊಂದರೆಯಿಲ್ಲ.

ಎರಡೂ ದಾರಿಗಳನ್ನು ಸದಾ ಒಟ್ಟಿಗೆ ನಡೆಸಿ ವೇಗ ಹೆಚ್ಚಿಸಿಕೊಳ್ಳಬಾರದೇಕೆ ಎಂದು ಶಿಗ್ಗಾಂವದ ತಮ್ಮನು ಕೇಳಿದನು. ಹಾಗೆ ಮಾಡಬಹುದು. ಆದರೆ ಬ್ಯಾಂಕಿನ ಜಾಲತಾಣಗಳಿಗೆ ಒಬ್ಬನೇ ಗಿರಾಕಿ ಒಮ್ಮೆ ಒಂದು ವಿಳಾಸದಿಂದ, ಮರುಗಳಿಗೆಯಲ್ಲಿ ಇನ್ನೊಂದು ವಿಳಾಸದಿಂದ ಮಾತನಾಡಿದರೆ ಸಂಶಯ ಬಂದು ಹೊರಗೆ ಹಾಕುತ್ತವೆ. ಅದಕ್ಕೂ ಉಪಾಯವುಂಟು, ಆದರೂ ಸಣ್ಣ ವ್ಯಾಪಾರಕ್ಕೆ ಒಂದು ನಡೆಯುವುದು, ಒಂದು ಕಾಯುವುದು ಎಂಬ ಸರಳ ಕಟ್ಟಳೆಯೇ ಮೇಲೆಂದು ತೀರ್ಮಾನಿಸಿದೆವು. ಎರಡನೆಯ ದಾರಿ ಕಿರಿದಾದುದರಿಂದ ಅದರಲ್ಲಿ ಮೊದಲ ಪಾಳಿ ಗೊಬ್ಬರದ ಯಂತ್ರಕ್ಕೆ, ಎರಡನೆಯದು ಬಿಲ್ಲಿಗೆ. ಕ್ಯಾಮರಾ ಚಿತ್ರಗಳಿಗೂ ಹುಡುಗರ ಫೋನುಗಳಿಗೂ ಆ ಹೊತ್ತಿನಲ್ಲಿ ಪ್ರವೇಶವಿಲ್ಲ.

ತಮ್ಮನ ಇನ್ನೊಂದು ಪ್ರಶ್ನೆ ಖರ್ಚಿನದು. 'ಅಣ್ಣಾ, ವರ್ಷಕ್ಕ ನಾಲ್ಕು ದಿನ ಬೇಕಾಗೂದಕ್ಕ ಹನ್ನೆರಡು ತಿಂಗಳು ರೊಕ್ಕ ತುಂಬೂದ?' ವ್ಯಾಪಾರಿಯ ಮಾತು, ತಪ್ಪೇನಿಲ್ಲ. ಒಂದು ಸಂಪರ್ಕದ ತಿಂಗಳ ವೆಚ್ಚ ಹಮಾಲರೊಬ್ಬರ ಎರಡು ದಿನದ ಕೂಲಿಗಿಂತ ಹೆಚ್ಚಾಗುವುದಿಲ್ಲ. ಆದರೆ ನಾಲ್ಕು ಅಂಗಡಿಗಳಿಗೆ ವರ್ಷವಿಡೀ ಕೂಡಿಸಿದರೆ ಲೆಕ್ಕ ಹಾಕಲೇಬೇಕಾದ ಮೊತ್ತ. ಅಣ್ಣನವರು ಒಂದೇ ಮಾತು ಹೇಳಿದರು: 'ಆ ನಾಲ್ಕು ದಿನ ಯಾವ ತಿಂಗಳದಾಗ ಬರತಾವ ಅಂತ ನೋಡಪ್ಪಾ. ಮಿರಗದಾಗ ಬಂದ್ರ ಅವು ನಮ್ಮ ದಿನ ಅಲ್ಲ, ರೈತನ ದಿನ.' ರಸ್ತೆಯ ಕೆಲಸವೂ, ಮಳೆಗಾಳಿಯೂ, ಬಿತ್ತಿಗೆಯೂ ಒಂದೇ ಕಾಲಕ್ಕೆ ಕೂಡಿಬರುವ ನಾಡಿನಲ್ಲಿ ಆ ನಾಲ್ಕು ದಿನಗಳಿಗೆ ಬೆಲೆ ಕಟ್ಟುವುದು ಕಷ್ಟ. ತಮ್ಮನು ಒಪ್ಪಿದನು.

ಎರಡನೆಯ ದಾರಿಯನ್ನು ಮಾಡಿಟ್ಟರೆ ಸಾಲದು, ಅದರಲ್ಲಿ ಆಗಾಗ ನಡೆದು ನೋಡಬೇಕು. ನಡೆಯದ ಹಾದಿಯಲ್ಲಿ ಹುಲ್ಲು ಬೆಳೆಯುವುದು ಸಹಜ. ನಾವು ಇದಕ್ಕೆ ಅಮಾವಾಸ್ಯೆಯ ದಿನವನ್ನು ಗೊತ್ತುಮಾಡಿದ್ದೇವೆ. ಅಂದು ಅಂಗಡಿಯ ಪೂಜೆ, ವ್ಯಾಪಾರ ಕಡಿಮೆ. ಪೂಜೆಯಾದ ಮೇಲೆ ನಾಲ್ಕೂ ಊರುಗಳಲ್ಲಿ ಮೊದಲ ಸಂಪರ್ಕದ ತಂತಿಯನ್ನು ಕೈಯಿಂದ ಕಿತ್ತು, ಎರಡನೆಯದರ ಮೇಲೆ ಐದು ಬಿಲ್ ತೆಗೆದು, ಹಾನಗಲ್ಲಿಗೆ ಫೋನ್ ಮಾಡಿ ತಿಳಿಸಬೇಕು. ಸವಣೂರಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು ಇದನ್ನು ವ್ರತದಂತೆ ನಡೆಸಿಕೊಂಡು ಬಂದಿದ್ದಾಳೆ. ಒಂದು ಅಮಾವಾಸ್ಯೆ ಹಿರೇಕೆರೂರಿನಲ್ಲಿ ಎರಡನೆಯ ಸಿಮ್‌ನ ರೀಚಾರ್ಜ್ ಅವಧಿ ಮುಗಿದದ್ದು ಹೀಗೆಯೇ ಗೊತ್ತಾಯಿತು. ಇನ್ನೊಂದು ಸಲ ಶಿಗ್ಗಾಂವದ ಬ್ಯಾಟರಿ ಉಬ್ಬಿದ್ದು ಕಣ್ಣಿಗೆ ಬಿದ್ದಿತು. ಎರಡೂ ಸಲ ಬೇಸಿಗೆ, ಯಾರಿಗೂ ತೊಂದರೆಯಾಗಲಿಲ್ಲ. ಪರೀಕ್ಷೆಯ ಫಲವೇ ಅದು.

ತಂತಿಗಿರುವಂತೆ ಮನುಷ್ಯರಿಗೂ ಜೊತೆ ಬೇಕು. ಎಲ್ಲ ಮಾಡಿಟ್ಟ ಹುಡುಗನು ನೌಕರಿಗೆಂದು ಬೆಂಗಳೂರಿಗೆ ಹೊರಟಾಗ ಈ ಮಾತು ಹೊಳೆಯಿತು. ಅವನು ಹೊರಡುವ ಮೊದಲು ನಾಲ್ಕೂ ಅಂಗಡಿಗಳ ನಕ್ಷೆ ಬರೆದು, ಯಾವ ಪೆಟ್ಟಿಗೆಗೆ ಯಾವ ಬಣ್ಣದ ತಂತಿ, ಕಡಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಕನ್ನಡದಲ್ಲಿ ಒಂದು ವಹಿಯಲ್ಲಿ ಬರೆದಿಟ್ಟನು. ಗುಪ್ತಪದಗಳನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ ತಿಜೋರಿಯಲ್ಲಿಟ್ಟಿದ್ದೇವೆ. ಪ್ರತಿ ಅಂಗಡಿಯಲ್ಲಿ ಇಬ್ಬರಿಗೆ ಆ ವಹಿ ಓದಿ ಕೆಲಸ ಮಾಡಲು ಬರುತ್ತದೆ.

ಈ ಏರ್ಪಾಟಿಗೂ ಮಿತಿಯಿದೆ. ಬೆರಳಿನ ಗುರುತು ನೋಡುವ ದೂರದ ಸರ್ವರೇ ನಿಂತರೆ ನಮ್ಮ ಬಾಗಿಲಿಗೆ ಹತ್ತು ದಾರಿಗಳಿದ್ದರೂ ಪ್ರಯೋಜನವಿಲ್ಲ. ಅಂಥ ದಿನ ಹಳೆಯ ಪದ್ಧತಿಯೇ ನೆರವಿಗೆ ಬರುತ್ತದೆ. ಬಂದವರ ಹೆಸರು, ಊರು, ಬೇಕಾದ ಚೀಲಗಳನ್ನು ಬಂದ ಕ್ರಮದಲ್ಲಿಯೇ ಬರೆದುಕೊಂಡು ಅಂಕಿ ಬರೆದ ಚೀಟಿ ಕೊಡುತ್ತೇವೆ. ಸರ್ವರ್ ಎದ್ದಾಗ ಊರಿಗೊಬ್ಬರಂತೆ ಫೋನ್ ಮಾಡಿ ತಿಳಿಸುತ್ತೇವೆ. ತನ್ನ ಪಾಳಿ ತಪ್ಪುವುದಿಲ್ಲವೆಂಬ ಭರವಸೆ ಸಿಕ್ಕರೆ ಜನ ಸಿಟ್ಟಾಗುವುದಿಲ್ಲ. ನಿಂತು ಕಾಯುವುದಕ್ಕಿಂತ ತನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲವೆಂಬ ಭಾವನೆಯೇ ಅವರನ್ನು ಕೆರಳಿಸುವುದು ಎಂಬುದನ್ನು ಇಷ್ಟು ವರ್ಷಗಳ ವ್ಯಾಪಾರ ನಮಗೆ ಕಲಿಸಿದೆ.

ಮನೆಯಲ್ಲಿಯೇ ಸಣ್ಣ ಅಂಗಡಿ, ಹಿಟ್ಟಿನ ಗಿರಣಿ, ಹಾಲಿನ ಡೇರಿ ನಡೆಸುವ ಬಂಧುಗಳಿಗೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ. ಅಂಥವರು ಎರಡು ಸಂಗತಿಗಳನ್ನು ಮಾಡಿದರೆ ಸಾಕು. ಮನೆಯ ಇಬ್ಬರ ಫೋನುಗಳಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಒಂದರಿಂದ ಇನ್ನೊಂದಕ್ಕೆ ಸಂಪರ್ಕ ಕೊಡುವುದನ್ನು ಮನೆಯವರೆಲ್ಲ ಕಲಿತಿರಲಿ. ಕೇಬಲ್ ಹಾಕಲು ಬಂದ ಹುಡುಗನಿಗೆ ಒಂದು ಕಪ್ಪು ಚಹಾ ಕೊಟ್ಟು, ಈ ಎಳೆ ಯಾವ ಕಡೆಯಿಂದ ಬಂದಿದೆಯೆಂದು ಕೇಳಿ ತಿಳಿದುಕೊಳ್ಳಿರಿ. ಅವನಷ್ಟು ನಿಖರವಾಗಿ ಹೇಳುವವರು ಯಾವ ದೊಡ್ಡ ಕಚೇರಿಯಲ್ಲಿಯೂ ಸಿಗಲಾರರು.

2023ರ ಮುಂಗಾರು ನಮ್ಮ ಕಡೆ ತಡವಾಗಿ ಬಂದಿತು. ಬಂದ ಮೇಲೆ ಬಿತ್ತಿಗೆಯ ಗಡಿಬಿಡಿ ಇಮ್ಮಡಿಯಾಯಿತು. ಆ ದಿನಗಳಲ್ಲಿ ಹಾನಗಲ್ಲಿನ ಮೊದಲ ಎಳೆ ಮತ್ತೆ ಒಂದು ಹಗಲೆಲ್ಲ ಕಡಿದಿತ್ತು. ಅಂಗಡಿಯಲ್ಲಿದ್ದ ನಮಗೆ ಅದು ತಿಳಿಯಲೇ ಇಲ್ಲ; ಬೆಂಗಳೂರಿನಿಂದ ಹುಡುಗನು ಫೋನ್ ಮಾಡಿ ಹೇಳಿದಾಗ ಎದ್ದು ಹೋಗಿ ನೋಡಿದೆವು. ಎರಡನೆಯ ಪೆಟ್ಟಿಗೆಯ ಹಸಿರು ದೀಪ ಮಿನುಗುತ್ತಿತ್ತು. ಹೊರಗೆ ರೈತರು ಒಬ್ಬೊಬ್ಬರಾಗಿ ಬೆರಳಿಟ್ಟು ಚೀಲ ಹೊತ್ತು ಹೊರಡುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಹೋಗಬೇಕಾದವರು ಮಧ್ಯಾಹ್ನದ ಬಸ್ಸಿಗೇ ಹೋದರು.